ಮೊದಲ ಡ್ಯೂಟಿಯ ಅಂಜಿಕೆ

ನರ್ಸಿಂಗ್ ಓದಿದವರ ದೊಡ್ಡ ಅಂಜಿಕೆ ಪರೀಕ್ಷೆ ಪಾಸಾದ ಮೇಲೆ ಶುರುವಾಗುತ್ತದೆ. ಮೂರ್ನಾಲ್ಕು ವರ್ಷ ಯೂನಿಫಾರ್ಮ್ ತೊಟ್ಟು ವಾರ್ಡುಗಳಲ್ಲಿ ಓಡಾಡಿದವರೇ ನೇಮಕದ ಪತ್ರ ಕೈಗೆ ಬಂದ ರಾತ್ರಿ ನಿದ್ದೆಗೆಡುತ್ತಾರೆ. ವಿದ್ಯಾರ್ಥಿಯಾಗಿದ್ದಾಗ ಕೊಟ್ಟ ಇಂಜೆಕ್ಷನ್ನಿಗೆ ಪಕ್ಕದಲ್ಲಿ ನಿಂತ ಮೇಡಂ ಹೊಣೆ. ನಾಳೆ ಕೊಡುವುದಕ್ಕೆ ಕೇಸ್ ಶೀಟಿನಲ್ಲಿ ಬೀಳುವುದು ತನ್ನದೇ ಸಹಿ. ಎದೆ ಡವಗುಟ್ಟಲು ಇಷ್ಟೇ ಸಾಕು. ಅಮೆರಿಕದ ನರ್ಸಿಂಗ್ ಸಂಶೋಧಕಿ ಮರ್ಲೀನ್ ಕ್ರೇಮರ್ 1974ರಲ್ಲಿ ಈ ಸ್ಥಿತಿಯ ಮೇಲೆ ಒಂದು ಪುಸ್ತಕವನ್ನೇ ಬರೆದು ಇದಕ್ಕೆ ‘ರಿಯಾಲಿಟಿ ಶಾಕ್’ ಎಂದು ಹೆಸರಿಟ್ಟರು. ವಾಸ್ತವದ ಹೊಡೆತ ಎನ್ನಬಹುದು. ಗದಗ ಸೀಮೆಯ ಆಡುಮಾತಿನಲ್ಲಿ ‘ಎದಿ ಧಸಕ್ ಅನ್ನೋದು’ ಎಂದರೆ ಇನ್ನೂ ಹತ್ತಿರ.

ಕ್ರೇಮರ್ ಹೇಳಿದ ಹೊಡೆತಕ್ಕೆ ಒಂದು ಕ್ರಮವಿದೆ. ಮೊದಲ ಕೆಲವು ದಿನ ಎಲ್ಲವೂ ಚೆಂದ: ಹೊಸ ಐಡಿ ಕಾರ್ಡು, ಮೊದಲ ಸಂಬಳದ ಲೆಕ್ಕ, ಊರಲ್ಲಿ ಮರ್ಯಾದೆ. ಆಮೇಲೆ ಕಾಲೇಜಿನಲ್ಲಿ ಕಲಿತ ರೀತಿಗೂ ವಾರ್ಡಿನಲ್ಲಿ ನಡೆಯುವ ರೀತಿಗೂ ತಾಳೆಯಾಗದೆ ಸಿಟ್ಟು, ಅಳು, ‘ಈ ಕೆಲಸ ನನ್ನ ಕೈಲಾಗಂಗಿಲ್ಲ’ ಎಂಬ ಮಾತು. ಅದನ್ನು ದಾಟಿದವರು ನಿಧಾನಕ್ಕೆ ಚೇತರಿಸಿಕೊಂಡು ಎರಡನ್ನೂ ಹೊಂದಿಸಿಕೊಳ್ಳುವ ದಾರಿ ಕಂಡುಕೊಳ್ಳುತ್ತಾರೆ. ಕೆನಡಾದ ಜೂಡಿ ಡಶರ್ ಮುಂದೆ ಇದೇ ವಿಷಯವನ್ನು ಬೆನ್ನುಹತ್ತಿ, ಕೆಲಸಕ್ಕೆ ಸೇರಿದ ಮೊದಲ ಮೂರು-ನಾಲ್ಕು ತಿಂಗಳು ಅತ್ಯಂತ ಕಠಿಣವೆಂದೂ ಪೂರ್ತಿ ಹೊಂದಿಕೊಳ್ಳಲು ಸುಮಾರು ಒಂದು ವರ್ಷ ಬೇಕೆಂದೂ ಗುರುತಿಸಿದರು. ಪೆಟ್ರೀಷಿಯಾ ಬೆನರ್ 1984ರ ತಮ್ಮ ಪುಸ್ತಕದಲ್ಲಿ ನರ್ಸಿನ ಕೌಶಲವನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿದರು. ಆ ಲೆಕ್ಕದಲ್ಲಿ ಹೊಸದಾಗಿ ಪಾಸಾದವರು ನಿಲ್ಲುವುದು ಎರಡನೇ ಮೆಟ್ಟಿಲಿನಲ್ಲಿ. ಒಂದೇ ಬಗೆಯ ವಾರ್ಡಿನಲ್ಲಿ ಎರಡು-ಮೂರು ವರ್ಷ ದುಡಿದ ಮೇಲಷ್ಟೇ ಮೂರನೆಯದಕ್ಕೆ, ಅಂದರೆ ತಾನಾಗಿ ಯೋಜಿಸಿ ಕೆಲಸ ಮಾಡುವ ಹಂತಕ್ಕೆ ಏರುತ್ತಾರೆ. ಮೊದಲ ತಿಂಗಳಲ್ಲೇ ಹತ್ತು ವರ್ಷ ಅನುಭವದ ಸಿಸ್ಟರ್ ಜೊತೆ ತಮ್ಮನ್ನು ಹೋಲಿಸಿಕೊಂಡು ಕೊರಗುವವರು ಈ ಮೆಟ್ಟಿಲಿನ ಲೆಕ್ಕವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಗದಗ ಜಿಲ್ಲೆಯಲ್ಲಿ ಈ ಅಂಜಿಕೆ ಎದುರಾಗುವ ಜಾಗಗಳು ಹಲವು. ಅವಳಿ ಪಟ್ಟಣವಾದ ಗದಗ-ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ಕಟ್ಟಿದ ಆಸ್ಪತ್ರೆ, ಇಂದಿನ ಸಿಎಸ್‌ಐ ಆಸ್ಪತ್ರೆ, ಈ ಭಾಗಕ್ಕೆ ನರ್ಸ್ ಎಂಬ ವೃತ್ತಿಯ ಪರಿಚಯ ಮಾಡಿಕೊಟ್ಟ ಹಳೆಯ ತಾಣಗಳಲ್ಲಿ ಒಂದು. 2015ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು, ಜನರ ಬಾಯಲ್ಲಿ ಜಿಮ್ಸ್, ಜಿಲ್ಲೆಯ ದೊಡ್ಡ ದವಾಖಾನೆ. ಉಳಿದಂತೆ ಮುಂಡರಗಿ, ಶಿರಹಟ್ಟಿ ಮತ್ತು ಇತ್ತೀಚೆಗೆ ಶಿರಹಟ್ಟಿಯಿಂದ ಬೇರೆಯಾಗಿ ತಾಲೂಕಾದ ಲಕ್ಷ್ಮೇಶ್ವರದ ಸರ್ಕಾರಿ ಆಸ್ಪತ್ರೆಗಳು, ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಪೇಟೆಯ ನರ್ಸಿಂಗ್ ಹೋಮುಗಳು. ಬಿ.ಎಸ್ಸಿ. ನರ್ಸಿಂಗ್ ಅಥವಾ ಮೂರು ವರ್ಷದ ಜಿಎನ್‌ಎಂ ಮುಗಿಸಿ, ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು ಈ ಪೈಕಿ ಎಲ್ಲಿ ಕಾಲಿಡುತ್ತಾರೆ ಎಂಬುದರ ಮೇಲೆ ಅವರ ಅಂಜಿಕೆಯ ಬಣ್ಣವೂ ಬದಲಾಗುತ್ತದೆ.

ದೊಡ್ಡ ಆಸ್ಪತ್ರೆಯಲ್ಲಿ ಹೆದರಿಸುವುದು ಗದ್ದಲ. ಬೆಡ್ಡುಗಳು ಹೆಚ್ಚು, ಯಂತ್ರಗಳು ಹೆಚ್ಚು, ರೌಂಡ್ಸಿಗೆ ಬರುವ ವೈದ್ಯರ ಗುಂಪೇ ದೊಡ್ಡದು, ಎಲ್ಲರೂ ಇಂಗ್ಲಿಷಿನಲ್ಲಿ ಚುಟುಕಾಗಿ ಮಾತಾಡುವವರು. ಆದರೆ ಅಲ್ಲಿ ಒಂದು ಅನುಕೂಲವಿದೆ: ಕೂಗಿದರೆ ಯಾರಾದರೂ ಬರುತ್ತಾರೆ. ತಾಲೂಕು ಆಸ್ಪತ್ರೆಯದು ಇದಕ್ಕೆ ಪೂರ್ತಿ ಉಲ್ಟಾ. ಹಗಲು ಜನಜಂಗುಳಿ, ರಾತ್ರಿ ಹತ್ತರ ಮೇಲೆ ಒಬ್ಬರೋ ಇಬ್ಬರೋ ನರ್ಸ್, ಒಬ್ಬ ಗ್ರೂಪ್ ಡಿ ನೌಕರ, ಕರೆದರೆ ಬರುವ ವೈದ್ಯರು. ಹೆರಿಗೆ, ಬೈಕ್ ಅಪಘಾತ, ಹೊಲಕ್ಕೆ ಹೊಡೆಯುವ ಔಷಧ ಕುಡಿದವರು, ಕಪ್ಪತಗುಡ್ಡದ ಅಂಚಿನ ಹೊಲಗಳಲ್ಲಿ ಹಾವು ಕಚ್ಚಿಸಿಕೊಂಡವರು, ಎಲ್ಲವೂ ಅದೇ ಬಾಗಿಲಿಗೆ ಬರುತ್ತವೆ. ದೊಡ್ಡ ಕೇಸಾದರೆ 108ರಲ್ಲಿ ಗದಗಕ್ಕೋ ಹುಬ್ಬಳ್ಳಿಗೋ ಕಳಿಸಬೇಕು. ಮುಂಡರಗಿಯಿಂದ ಗದಗಕ್ಕೆ ನಲವತ್ತು ಕಿಲೋಮೀಟರಿನ ಆಸುಪಾಸು. ಆಂಬುಲೆನ್ಸ್ ಬರುವ ತನಕದ ಆ ಅರ್ಧ ತಾಸು ಹೊಸ ನರ್ಸಿಗೆ ಅರ್ಧ ದಿನದಷ್ಟು ಉದ್ದ.

ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಸೇರುವವರ ಅಂಜಿಕೆ ಇನ್ನೊಂದು ಬಗೆಯದು. ಬಯಲುಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನ ಎಂಬುದು ಸರ್ಕಾರದ ಲೆಕ್ಕ. ಅಷ್ಟು ಜನರ ಬಿಪಿ, ಸಕ್ಕರೆ ಕಾಯಿಲೆ ನೋಡಿಕೊಳ್ಳುವವರು ಕಟ್ಟಡದಲ್ಲಿ ಬಹುತೇಕ ಒಂಟಿ. ಅಲ್ಲಿ ಕಾಡುವುದು ತುರ್ತಿಗಿಂತ ಒಂಟಿತನ.

ಕಾಲೇಜು ಈ ಎಲ್ಲಕ್ಕೆ ತಯಾರು ಮಾಡುವುದಿಲ್ಲವೇ? ಮಾಡುತ್ತದೆ, ಒಂದು ಮಟ್ಟದ ತನಕ. 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಂತೆ ಎಂಟನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್: 22 ವಾರ, ವಾರಕ್ಕೆ 48 ತಾಸು, ಒಟ್ಟು 1,056 ತಾಸು. ಆದರೆ ಬೇರೆಯವರ ಕಣ್ಣಳತೆಯಲ್ಲಿ ಕಳೆದ ಸಾವಿರ ತಾಸಿಗೂ ಸ್ವಂತ ಹೊಣೆಯ ಒಂದು ರಾತ್ರಿಗೂ ತೂಕ ಬೇರೆ. ಜೊತೆಗೆ ಕಾಲೇಜಿನಲ್ಲಿ ಒಂದು ಪಾಳಿಗೆ ಒಬ್ಬರೋ ಇಬ್ಬರೋ ರೋಗಿಗಳನ್ನು ಕೊಟ್ಟು, ಅವರ ಆರೈಕೆಯನ್ನು ಹಾಳೆಗಟ್ಟಲೆ ಬರೆಸುತ್ತಾರೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಬೋಧಕ ಆಸ್ಪತ್ರೆಯ ವಾರ್ಡಿಗೆ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಗೆ ಐವರಿಗೆ ಒಬ್ಬರು. ವಾರ್ಡಿನಲ್ಲಿ ಎಣಿಸಿ ನೋಡಿದವರಿಗೆ ಈ ಅಂಕಿ ಎಷ್ಟು ದೂರದಲ್ಲಿದೆ ಎಂಬುದು ಗೊತ್ತು. ಹೊಸಬರು ತಡವರಿಸುವುದಕ್ಕೆ ಅವರ ದಡ್ಡತನವನ್ನು ದೂರುವ ಮೊದಲು ಈ ಲೆಕ್ಕ ನೋಡಬೇಕು.

ಭಾಷೆಯೂ ಒಂದು ಗೋಡೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ನರ್ಸಿಂಗನ್ನು ಇಂಗ್ಲಿಷಿನಲ್ಲಿ ಕಲಿತವರು ಈ ಭಾಗದಲ್ಲಿ ಬಹಳ. ಕೇಸ್ ಶೀಟಿನಲ್ಲಿ ವೈದ್ಯರು ಗೀಚಿದ ಮೂರಕ್ಷರಗಳು, ಟಿಡಿಎಸ್, ಎನ್‌ಪಿಒ, ಎಸ್‌ಒಎಸ್, ಮೊದಲ ವಾರ ಕಣ್ಣಿಗೆ ಕತ್ತಲೆ ತರಿಸುತ್ತವೆ. ಜೇಬಿನಲ್ಲಿ ಒಂದು ಸಣ್ಣ ಡೈರಿ ಇಟ್ಟುಕೊಂಡು, ದಿನವೂ ಕಂಡ ಐದು ಸಂಕ್ಷೇಪಗಳಿಗೆ ಕನ್ನಡದಲ್ಲೇ ಅರ್ಥ ಬರೆದುಕೊಂಡವರಿಗೆ ಒಂದು ತಿಂಗಳಲ್ಲಿ ಆ ಗೋಡೆ ಕುಸಿಯುತ್ತದೆ. ಇತ್ತ ಊರಿನ ಮಾತು ಬಲ್ಲ ನರ್ಸಿಗೆ ಇಂಗ್ಲಿಷ್ ಬಲ್ಲವರಿಗೆ ಇಲ್ಲದ ಒಂದು ಬಲವಿದೆ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡಿನೊಳಗೆ ಎಣಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಯ ಮುದುಕರೊಬ್ಬರು ‘ಸಂಕಟ ಆಗಾಕತ್ತೈತಿ, ಎದಿ ಹಿಡದಂಗ ಆಗೈತಿ’ ಎಂದಾಗ ಅದು ಹೊಟ್ಟೆಯ ತೊಳಸೋ ಹೃದಯದ ತೊಂದರೆಯೋ ಎಂಬ ಸಂಶಯ ಮೊದಲು ಹೊಳೆಯಬೇಕಾದದ್ದು ಆ ಮಾತಿನೊಳಗೆ ಬೆಳೆದವರಿಗೆ. ಆ ಸಂಶಯ ಬಂದ ಕೂಡಲೇ ಇಸಿಜಿ ಮಾಡಿಸಲು ಹೇಳುವ ನರ್ಸ್ ತನಗೆ ಇಂಗ್ಲಿಷ್ ಬರುವುದಿಲ್ಲವೆಂದು ನಾಚಬೇಕಾಗಿಲ್ಲ.

ಅಂಜಿಕೆ ಮೈಯಲ್ಲಿ ಕಾಣುವ ರೀತಿ ಎಲ್ಲ ಕಡೆಯೂ ಒಂದೇ. ಡ್ಯೂಟಿಗೆ ಹೊರಡುವ ಮುಂಚೆ ಹೊಟ್ಟೆ ತೊಳಸುತ್ತದೆ, ಕೈ ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ. ಮನೆಗೆ ಬಂದು ಮಲಗಿದ ಮೇಲೆ ‘ಆ ಬೆಡ್ಡಿನವರಿಗೆ ಆಂಟಿಬಯೋಟಿಕ್ ಕೊಟ್ಟೆನೋ ಇಲ್ಲವೋ’ ಎಂಬುದು ಮೂರು ಸಲ ಎಬ್ಬಿಸುತ್ತದೆ. ಇದರಲ್ಲಿ ಒಂದು ಪಾಲು ಉಪಯೋಗಕ್ಕೆ ಬರುವಂಥದ್ದು. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನೋವಿಜ್ಞಾನಿಗಳು 1908ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ ಹೊರಟ ತತ್ವವೊಂದಿದೆ: ಉದ್ವೇಗ ಪೂರ್ತಿ ಇಲ್ಲದಿದ್ದರೂ ಕೆಲಸ ಕೆಡುತ್ತದೆ, ಮಿತಿಮೀರಿದರೂ ಕೆಡುತ್ತದೆ, ನಡುಮಟ್ಟದಲ್ಲಿ ಚೆನ್ನಾಗಿ ನಡೆಯುತ್ತದೆ. ಔಷಧದ ಲೇಬಲ್ಲನ್ನು ಎರಡನೇ ಸಲ ಓದಿಸುವ ಅಂಜಿಕೆ ರೋಗಿಯನ್ನು ಕಾಯುತ್ತದೆ. ಗೊತ್ತಿಲ್ಲದ್ದನ್ನು ಕೇಳಲು ನಾಚುವಂತೆ ಮಾಡುವ ಅಂಜಿಕೆ ರೋಗಿಯನ್ನು ಕೊಲ್ಲಬಹುದು. ಹೊಸ ನರ್ಸಿಗೆ ಬೇಕಾದದ್ದು ಅಂಜಿಕೆಯನ್ನು ಬಾಯಿಬಿಟ್ಟು ಪ್ರಶ್ನೆಯಾಗಿ ಕೇಳುವ ರೂಢಿ. ಮುಖ್ಯ ವಿಷಯ ಇಷ್ಟೇ. ಮುಂದಿನದೆಲ್ಲ ಅದನ್ನು ಮಾಡುವ ಬಗೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಔಷಧ ತಪ್ಪಿದರೆ ಎಂಬ ಭಯ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು: ಈ ಐದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಬಾಯಿಪಾಠ ಕೈಗೆ ಇಳಿಯಬೇಕು. ಸಲೈನಿನ ಲೆಕ್ಕವನ್ನೇ ನೋಡಿ. 500 ಮಿ.ಲೀ. ಬಾಟಲಿ ನಾಲ್ಕು ತಾಸಿನಲ್ಲಿ ಮುಗಿಯಬೇಕು ಎಂದು ಆದೇಶ. ಹಚ್ಚಿದ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿ.ಲೀ. ಅಂದರೆ ಬಾಟಲಿಯಲ್ಲಿರುವುದು 10,000 ಹನಿ; ನಾಲ್ಕು ತಾಸಿಗೆ 240 ನಿಮಿಷ; ನಿಮಿಷಕ್ಕೆ ಸುಮಾರು 42 ಹನಿ. ವಾಚು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುವಷ್ಟು ಪುರುಸೊತ್ತು ಸಿಗದಾಗ ಹದಿನೈದು ಸೆಕೆಂಡಿಗೆ ಹತ್ತೋ ಹನ್ನೊಂದೋ ಹನಿ ಬಿದ್ದರೆ ಸರಿ. ಮಕ್ಕಳಿಗೆ ಹಚ್ಚುವ ಮೈಕ್ರೋ ಸೆಟ್ಟಿನಲ್ಲಿ ಒಂದು ಮಿ.ಲೀ.ಗೆ 60 ಹನಿ. ಅಲ್ಲಿ ತಾಸಿಗೆ ಎಷ್ಟು ಮಿ.ಲೀ. ಹೋಗಬೇಕೋ ನಿಮಿಷಕ್ಕೆ ಅಷ್ಟೇ ಹನಿ, ಲೆಕ್ಕವೇ ಬೇಡ. ಸೆಟ್ಟಿನ ಕವರಿನ ಮೇಲೆ ಹನಿಯ ಸಂಖ್ಯೆ ಅಚ್ಚಾಗಿರುತ್ತದೆ. ಕವರು ಬಿಸಾಡುವ ಮುಂಚೆ ಅದನ್ನು ಓದುವುದು ಅರ್ಧ ಸೆಕೆಂಡಿನ ಕೆಲಸ.

ಇನ್ಸುಲಿನ್ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಎರಡು ಬಲದ ಇನ್ಸುಲಿನ್ ಚಾಲ್ತಿಯಲ್ಲಿದೆ, ಮಿ.ಲೀ.ಗೆ 40 ಯೂನಿಟ್ ಮತ್ತು 100 ಯೂನಿಟ್. ಸಿರಿಂಜೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. 100 ಬಲದ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. 20 ಬೇಕಾದವರಿಗೆ 50 ಹೋದರೆ ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು. ಉಲ್ಟಾ ಆದರೆ 20ರ ಬದಲು 8 ಯೂನಿಟ್ ಮಾತ್ರ ಹೋಗಿ ಸಕ್ಕರೆ ಇಳಿಯುವುದೇ ಇಲ್ಲ. ಬಾಟಲಿ, ಸಿರಿಂಜು ಎರಡನ್ನೂ ಇನ್ನೊಬ್ಬರ ಕಣ್ಣಿಗೆ ತೋರಿಸಿ ಆಮೇಲೆ ಚುಚ್ಚುವುದು ದೊಡ್ಡ ಆಸ್ಪತ್ರೆಗಳಲ್ಲಿ ನಿಯಮ. ತಾಲೂಕು ಆಸ್ಪತ್ರೆಯಲ್ಲಿ ಜೊತೆಗೊಬ್ಬ ನರ್ಸ್ ಇಲ್ಲದಿದ್ದರೆ ಗಟ್ಟಿಯಾಗಿ ಓದಿಕೊಂಡು ಮಾಡಬಹುದು. ತನ್ನ ದನಿ ತನ್ನ ಕಿವಿಗೆ ಬಿದ್ದಾಗ ತಪ್ಪು ಸಿಕ್ಕಿಬೀಳುವುದುಂಟು. ಪೊಟ್ಯಾಸಿಯಂ ಕ್ಲೋರೈಡಿನ ವಿಷಯದಲ್ಲಿ ಚರ್ಚೆಯೇ ಬೇಡ. ಅದನ್ನು ಸಲೈನಿನಲ್ಲಿ ಬೆರೆಸಿ ನಿಧಾನಕ್ಕೆ ಬಿಡಬೇಕು, ನೇರವಾಗಿ ನರಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ.

ನರ ಸಿಗದಿರುವುದು ಎರಡನೇ ಭಯ. ಕ್ಯಾನುಲಾ ಹಾಕುವಾಗ ಮೊದಲ ಸಲ ತಪ್ಪಿದರೆ ಕೈ ನಡುಗುತ್ತದೆ, ನಡುಗಿದರೆ ಎರಡನೆಯದೂ ತಪ್ಪುತ್ತದೆ, ಅಷ್ಟರಲ್ಲಿ ರೋಗಿಯ ಕಡೆಯವರು ಮುಖ ನೋಡತೊಡಗುತ್ತಾರೆ. ಎಷ್ಟೋ ಸಲ ಧೈರ್ಯ ಕೊಡುವವರು ರೋಗಿಗಳೇ: ‘ನಿಧಾನಕ ಮಾಡ ತಂಗಿ, ನಾ ಎಲ್ಲೂ ಓಡಿ ಹೋಗಂಗಿಲ್ಲ.’ ಅನುಭವಿ ಸಿಸ್ಟರುಗಳು ಹೇಳುವ ಕಟ್ಟಳೆ ಸರಳ: ಎರಡು ಸಲ ನೋಡು, ಸಿಗಲಿಲ್ಲ ಅಂದ್ರ ನನ್ನ ಕರಿ. ಎರಡಕ್ಕೆ ನಿಲ್ಲಿಸುವುದು ಸೋಲಲ್ಲ. ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಒಬ್ಬರಿಗೆ ಎರಡೇ ಪ್ರಯತ್ನ ಎನ್ನುತ್ತವೆ. ಕೈ ನಡುಗುವಾಗ ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡುವುದನ್ನು ನಾಲ್ಕೈದು ಸಲ ಮಾಡಿದರೆ ನಾಡಿ ತುಸು ತಗ್ಗುತ್ತದೆ. ಟೂರ್ನಿಕೆಟ್ ಕಟ್ಟಿ ನರ ಉಬ್ಬಲು ಕಾಯುವ ಹೊತ್ತು ಅದಕ್ಕೆ ಸಾಕು.

ಮೂರನೆಯದು, ರಾತ್ರಿ ಎರಡಕ್ಕೆ ವೈದ್ಯರಿಗೆ ಫೋನ್ ಮಾಡುವುದು. ‘ಇಷ್ಟಕ್ಕೆಲ್ಲ ಎಬ್ಬಿಸಿದಿಯಾ’ ಎಂದು ಬೈದಾರು ಎಂಬ ಅಳುಕಿನಲ್ಲಿ ಅರ್ಧ ತಾಸು ತಡಮಾಡಿ, ಆಮೇಲೆ ಪಶ್ಚಾತ್ತಾಪ ಪಟ್ಟವರ ಕತೆ ಪ್ರತಿ ಆಸ್ಪತ್ರೆಯಲ್ಲೂ ಇರುತ್ತದೆ. ಇದಕ್ಕೆ ‘ಎಸ್‌ಬಾರ್’ ಎಂಬ ಕ್ರಮ ಬಳಕೆಯಲ್ಲಿದೆ. ಅಮೆರಿಕದ ನೌಕಾಪಡೆಯ ಸಬ್‌ಮರೀನುಗಳಲ್ಲಿ ಹುಟ್ಟಿ ಆಸ್ಪತ್ರೆಗಳಿಗೆ ಬಂದದ್ದು ಇದು. ಈಗ ಏನಾಗಿದೆ, ಹಿನ್ನೆಲೆ ಏನು, ತಾನು ಕಂಡದ್ದೇನು, ಏನು ಬೇಕು, ಈ ನಾಲ್ಕನ್ನು ಇದೇ ಸಾಲಿನಲ್ಲಿ ಹೇಳಬೇಕು. ಹೆರಿಗೆ ವಾರ್ಡಿನಿಂದ ಹೋಗುವ ಒಂದು ಫೋನು ಹೀಗಿರುತ್ತದೆ:

‘ಸರ್, ಹೆರಿಗೆ ವಾರ್ಡಿನ ಡ್ಯೂಟಿ ಸಿಸ್ಟರ್ ಮಾತಾಡೋದ್ರಿ. ಮೂರನೇ ಬೆಡ್ಡಿನ ಬಾಣಂತಿಗೆ ಬ್ಲೀಡಿಂಗ್ ಜಾಸ್ತಿ ಆಗೇತ್ರಿ. ನಾರ್ಮಲ್ ಡೆಲಿವರಿ ಆಗಿ ಎರಡು ತಾಸಾತ್ರಿ, ಇದು ಮೂರನೇ ಹೆರಿಗಿ, ಹಿಮೋಗ್ಲೋಬಿನ್ ಎಂಟೂವರಿ ಇತ್ರಿ. ಹದಿನೈದು ನಿಮಿಷದಾಗ ಒಂದು ಪ್ಯಾಡ್ ಪೂರ್ತಿ ತೊಯ್ದೇತ್ರಿ. ಬಿಪಿ 90/60, ಪಲ್ಸ್ 120, ಗರ್ಭಕೋಶ ಮೆತ್ತಗೈತ್ರಿ. ಮಸಾಜ್ ನಡದೈತ್ರಿ, ಆಕ್ಸಿಟೋಸಿನ್ ಹಚ್ಚೇವ್ರಿ. ನೀವು ಈಗ ಬರಬೇಕ್ರಿ ಸರ್.’

ಅರ್ಧ ನಿಮಿಷದ ಮಾತು. ‘ಸರ್, ಪೇಶಂಟ್ ಯಾಕೋ ಸರಿ ಇಲ್ರಿ’ ಎಂದಷ್ಟೇ ಹೇಳಿದರೆ ಆ ಕಡೆಯಿಂದ ಹತ್ತು ಪ್ರಶ್ನೆ ಬರುತ್ತವೆ, ಒಂದಕ್ಕೂ ಉತ್ತರ ತಯಾರಿರುವುದಿಲ್ಲ, ಗಂಟಲು ಕಟ್ಟುತ್ತದೆ. ಫೋನ್ ಎತ್ತುವ ಮುಂಚೆ ಬಿಪಿ, ಪಲ್ಸ್ ನೋಡಿ ಅಂಗೈಯಲ್ಲೋ ಚೀಟಿಯಲ್ಲೋ ಬರೆದುಕೊಂಡರೆ ದನಿ ತಾನಾಗಿ ಗಟ್ಟಿಯಾಗುತ್ತದೆ. ವೈದ್ಯರು ಫೋನಿನಲ್ಲೇ ಔಷಧ ಹೇಳಿದರೆ ಅದನ್ನು ಬರೆದುಕೊಂಡು ತಿರುಗಿ ಅವರಿಗೇ ಓದಿ ಹೇಳಿ ಹೌದೆನಿಸಿಕೊಳ್ಳಬೇಕು, ಬಂದ ಮೇಲೆ ಸಹಿ ಹಾಕಿಸಿಕೊಳ್ಳಬೇಕು. ಬೈಗುಳ ಬಂದರೆ ಬರಲಿ. ಬೈಸಿಕೊಂಡ ನರ್ಸಿಗಿಂತ ಫೋನ್ ಮಾಡದ ನರ್ಸ್ ಕೊಡಬೇಕಾದ ಉತ್ತರ ದೊಡ್ಡದು.

ಅಪರೂಪದ ತುರ್ತುಗಳಿಗೆ ಮುಂಚೆಯೇ ಕೈ ಪಳಗಿಸಿಕೊಂಡರೆ ಅರ್ಧ ಭಯ ಹೋಗುತ್ತದೆ. ಹಾವು ಕಚ್ಚಿದವರು ಬಂದಾಗ ಮಾಡುವ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಡ. ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿಗೆ ಆಗಷ್ಟೇ ತೆಗೆದ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಬಾಗಿಸಿ ನೋಡುವುದು. ರಕ್ತ ಇನ್ನೂ ನೀರಾಗಿ ಹರಿದರೆ ವಿಷ ರಕ್ತಕ್ಕೆ ಏರಿದೆ ಎಂದು ಅರ್ಥ, ವೈದ್ಯರಿಗೆ ಕೂಡಲೇ ತಿಳಿಸಬೇಕು. ಟ್ಯೂಬು ಪ್ಲಾಸ್ಟಿಕ್ಕಿನದಾದರೆ ಫಲಿತಾಂಶ ನಂಬುವಂತಿಲ್ಲ. ಆ ಗಾಜಿನ ಟ್ಯೂಬು ಯಾವ ಕಪಾಟಿನಲ್ಲಿದೆ, ಹಾವಿನ ವಿಷ ಇಳಿಸುವ ಇಂಜೆಕ್ಷನ್ ಯಾವ ಫ್ರಿಜ್ಜಿನಲ್ಲಿದೆ, ಆಕ್ಸಿಜನ್ ಸಿಲಿಂಡರಿನ ಚಾವಿ ಎಲ್ಲಿ ತೂಗುಹಾಕಿದ್ದಾರೆ, ಎಮರ್ಜೆನ್ಸಿ ಟ್ರೇಯಲ್ಲಿ ಅಡ್ರಿನಾಲಿನ್ ಎಷ್ಟನೇ ಸಾಲಿನಲ್ಲಿದೆ: ಹೊಸ ಆಸ್ಪತ್ರೆಗೆ ಸೇರಿದ ಮೊದಲ ದಿನ ಯಾರೂ ಹೇಳದಿದ್ದರೂ ಇವನ್ನು ನೋಡಿಟ್ಟುಕೊಂಡವರು ರಾತ್ರಿ ತುರ್ತು ಬಂದಾಗ ಕಪಾಟು ಕಪಾಟು ತಡಕಾಡುವುದಿಲ್ಲ.

ರೋಗಿಯ ಕಡೆಯವರ ಸಿಟ್ಟೂ ಭಯದ ಪಟ್ಟಿಯಲ್ಲಿದೆ. ಟ್ರ್ಯಾಕ್ಟರಿನಲ್ಲಿ ಇಪ್ಪತ್ತು ಜನ ಒಟ್ಟಿಗೆ ಬಂದು ‘ಡಾಕ್ಟರ್ ಎಲ್ಲಿ’ ಎಂದು ಕೂಗಿದಾಗ ಇಪ್ಪತ್ತೆರಡು ವರ್ಷದ ಹುಡುಗಿಗೋ ಹುಡುಗನಿಗೋ ಕಾಲು ನಡುಗದೆ ಇರದು. ಗುಂಪಿನಲ್ಲಿ ಹಿರಿಯರೊಬ್ಬರನ್ನು ಗುರುತಿಸಿ ‘ಯಜಮಾನ್ರ, ನೀವೊಬ್ರು ಒಳಗ ಬರ್ರಿ, ಏನ್ ನಡದೈತಿ ಹೇಳ್ತೀನಿ’ ಎಂದರೆ ಬಹಳ ಸಲ ಕೂಗಾಟ ತಗ್ಗುತ್ತದೆ. ಸುದ್ದಿ ಸಿಗದಿದ್ದಾಗ ಜನ ಕೆರಳುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಒಂದು ಮಾತು ಹೇಳಿದರೆ ಕಾಯುತ್ತಾರೆ. ಕೈ ಮಾಡುವ ತನಕ ಹೋದರೆ ಅದಕ್ಕೆ ಕಾನೂನಿದೆ: ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ ಕರ್ನಾಟಕದ 2009ರ ಕಾಯ್ದೆ ನರ್ಸುಗಳಿಗೂ ಅನ್ವಯಿಸುತ್ತದೆ.

ಸೂಜಿ ತನಗೇ ಚುಚ್ಚಿಕೊಂಡರೆ ಎಂಬ ಹೆದರಿಕೆಯನ್ನು ಹೊಸಬರು ಬಾಯಿ ಬಿಟ್ಟು ಹೇಳುವುದು ಕಡಿಮೆ. ಚುಚ್ಚಿದ ಜಾಗವನ್ನು ಹಿಂಡದೆ ಸೋಪು-ನೀರಿನಲ್ಲಿ ತೊಳೆದು, ಇನ್‌ಚಾರ್ಜ್ ಸಿಸ್ಟರಿಗೆ ಆಗಲೇ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಎರಡು ತಾಸಿನೊಳಗೆ ಶುರು ಮಾಡಿದರೆ ಉತ್ತಮ, 72 ತಾಸು ಮೀರಬಾರದು. 28 ದಿನ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸನ್ನು ಕೆಲಸಕ್ಕೆ ಸೇರುವ ಮುಂಚೆಯೇ ಮುಗಿಸಿಕೊಂಡಿರುವುದು ಜಾಣತನ.

ಇಷ್ಟಾದರೂ ತಪ್ಪಾಗುತ್ತದೆ. ಎಲ್ಲರಿಂದಲೂ ಆಗುತ್ತದೆ. ತಪ್ಪಾದ ಕ್ಷಣ ಮಾಡಬೇಕಾದದ್ದು ರೋಗಿಯನ್ನು ನೋಡುವುದು, ವೈದ್ಯರಿಗೆ ಹೇಳುವುದು, ಆದದ್ದನ್ನು ಆದಂತೆ ಬರೆಯುವುದು. ಮುಚ್ಚಿಟ್ಟ ತಪ್ಪು ಎರಡು ಸಲ ಕೊಲ್ಲುತ್ತದೆ, ಒಮ್ಮೆ ರೋಗಿಯನ್ನು, ಒಮ್ಮೆ ಮುಚ್ಚಿಟ್ಟವರ ನಿದ್ದೆಯನ್ನು. ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ದಲ್ಲಿ ಬರೆದ ಲೇಖನವೊಂದರಲ್ಲಿ, ಚಿಕಿತ್ಸೆಯ ತಪ್ಪಿನಿಂದ ನೊಂದ ರೋಗಿ ಮೊದಲ ಬಲಿಯಾದರೆ ತಪ್ಪು ಮಾಡಿದ ವೈದ್ಯರು ‘ಎರಡನೇ ಬಲಿ’ ಎಂದರು. ಇಂದು ಆ ಮಾತನ್ನು ನರ್ಸುಗಳಿಗೂ ಬಳಸುತ್ತಾರೆ. ತನ್ನ ಪಾಳಿಯಲ್ಲಿ ಮೊದಲ ಸಲ ರೋಗಿ ತೀರಿಕೊಂಡಾಗಲೂ ಹೀಗೇ. ಏನೂ ತಪ್ಪಾಗಿರದಿದ್ದರೂ ‘ನಾನು ಇನ್ನೊಂದು ಸಲ ನೋಡಿದ್ದರೆ’ ಎಂಬುದು ವಾರಗಟ್ಟಲೆ ಕುಟುಕುತ್ತದೆ. ಜೊತೆಯಲ್ಲಿದ್ದ ಹಿರಿಯ ಸಿಸ್ಟರ್ ಚಹಾ ಕುಡಿಯುತ್ತ ಐದು ನಿಮಿಷ ಕೂತು ಆ ಕೇಸನ್ನು ಮೊದಲಿನಿಂದ ಮಾತಾಡಿದರೆ ಮನೆಗೆ ಹೊತ್ತುಕೊಂಡು ಹೋಗುವ ಭಾರ ಅರ್ಧವಾಗುತ್ತದೆ.

ಮನೆಯ ವಿಷಯವೂ ಇದರಲ್ಲಿ ಸೇರುತ್ತದೆ. ನೈಟ್ ಡ್ಯೂಟಿಯಲ್ಲಿ ಬೆಳಗಿನ ಜಾವ ಮೂರರಿಂದ ಐದರ ನಡುವೆ ಮೈಯ ಎಚ್ಚರ ತಳಮುಟ್ಟುತ್ತದೆ. ಔಷಧದ ಲೆಕ್ಕವನ್ನು ಎರಡು ಸಲ ನೋಡಬೇಕಾದ ಹೊತ್ತು ಅದು. ಡ್ಯೂಟಿ ಮುಗಿಸಿ ಬಸ್ಸು ಹಿಡಿದು ಮನೆಗೆ ಬಂದರೆ ಹಗಲಿನಲ್ಲಿ ನಿದ್ದೆ ಸಿಗಬೇಕು. ಕೂಡುಕುಟುಂಬದ ಮನೆಯಲ್ಲಿ ಅದು ಸುಲಭವಲ್ಲ. ಮಿಕ್ಸಿ, ಟಿವಿ, ಬಂದುಹೋಗುವ ಬೀಗರು, ‘ಹಗಲೊತ್ತನ್ಯಾಗ ಮಲಗ್ತಾಳ’ ಎನ್ನುವ ಓಣಿಯವರು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳಿದಿದೆ, ನಿದ್ದೆ ಉಳಿದಿಲ್ಲ. ಕಿಟಕಿಗೆ ದಪ್ಪ ಪರದೆ, ಮೊಬೈಲ್ ಬೇರೆ ಕೋಣೆಯಲ್ಲಿ, ಆರು ತಾಸು ಯಾರೂ ಎಬ್ಬಿಸಬಾರದೆಂಬ ಮನೆಯವರ ಒಪ್ಪಂದ: ಮಗಳು ನರ್ಸ್ ಎಂದು ಹೆಮ್ಮೆಪಡುವ ಮನೆ ಮಾಡಬಹುದಾದ ಮೊದಲ ಉಪಕಾರ ಇದು.

ಎಲ್ಲ ಅಂಜಿಕೆಯೂ ಮನಸ್ಸಿನದಲ್ಲ, ಕೆಲವು ಜೇಬಿನದು. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದ ಮೇರೆಗೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, ಐವತ್ತಕ್ಕಿಂತ ಕಡಿಮೆ ಬೆಡ್ಡಿನ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಸಂಬಳ ಕೊಡಬಾರದು ಎಂದಿತು. ಸಣ್ಣ ನರ್ಸಿಂಗ್ ಹೋಮುಗಳ ಮಟ್ಟಿಗೆ ಅದು ಹೆಚ್ಚಾಗಿ ಕಾಗದದ ಮಾತಾಗಿ ಉಳಿದಿದೆ. ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿಯನ್ನು ಒತ್ತೆ ಇಡಲು ಕೇಳುವಲ್ಲಿ ಪ್ರತಿ ಕೊಟ್ಟು, ಮೂಲ ತೋರಿಸಿ, ವಾಪಸ್ ತೆಗೆದುಕೊಂಡು ಬರುವುದು ಕ್ಷೇಮ. ಕಾಲು ಕಟ್ಟಿಹಾಕಿದ ಮೇಲೆ ಯಾವ ಉಸಿರಾಟದ ಅಭ್ಯಾಸವೂ ಸಮಾಧಾನ ಕೊಡದು.

ಅಂಜಿಕೆ ಕಾಯಿಲೆಯ ಗಡಿ ದಾಟಿದ್ದನ್ನು ಗುರುತಿಸುವುದು ಕಷ್ಟವಲ್ಲ. ಎರಡು ವಾರ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ. ರಜೆಯ ದಿನವೂ ಎದೆ ಬಡಿತ ಇಳಿಯದಿದ್ದರೆ. ಡ್ಯೂಟಿಯ ಹೊತ್ತಿಗೆ ಉಸಿರು ಕಟ್ಟಿ ಕೈಕಾಲು ಜೋಮು ಹಿಡಿಯುವುದು ಮೇಲಿಂದ ಮೇಲೆ ಆಗುತ್ತಿದ್ದರೆ. ಬದುಕೇ ಸಾಕೆನಿಸಿದರೆ, ಅದನ್ನು ಮೊದಲ ಡ್ಯೂಟಿಯ ಅಂಜಿಕೆ ಎಂದು ತಳ್ಳಿಹಾಕಬಾರದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸಂಸ್ಥೆ ಡಿಮ್ಹಾನ್ಸ್ ಇದೆ. ಸಹೋದ್ಯೋಗಿಗಳ ಕಣ್ಣಿಗೆ ಬೀಳುವ ಸಂಕೋಚವಿದ್ದರೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಉಚಿತ, ದಿನದ 24 ತಾಸೂ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಹೊರೆಯನ್ನು ಹೊಸಬರ ಹೆಗಲಿಗೇ ಹೊರಿಸುವುದು ಅನ್ಯಾಯ. ಈಜು ಬಾರದವರನ್ನು ಬಾವಿಗೆ ದೂಡಿ ಧೈರ್ಯದ ಪಾಠ ಹೇಳುವ ಪದ್ಧತಿ ಆಸ್ಪತ್ರೆಗಳಲ್ಲಿ ಬಹಳ ಹಳೆಯದು. ‘ನಾವೂ ಹಂಗೇ ಕಲ್ತೇವಿ’ ಎಂಬುದು ಅದರ ಸಮರ್ಥನೆ. ಕಲಿತವರು ಮಾತ್ರ ಆ ಮಾತು ಹೇಳಲು ಉಳಿದಿದ್ದಾರೆ, ಬಿಟ್ಟುಹೋದವರು ಹೇಳಲು ಬರುವುದಿಲ್ಲ. ಸಿಬ್ಬಂದಿ ಕೊರತೆಯಿರುವ ತಾಲೂಕು ಆಸ್ಪತ್ರೆ ಹೊಸ ಹುದ್ದೆ ಸೃಷ್ಟಿಸಲಾರದು, ದೊಡ್ಡ ತರಬೇತಿ ನಡೆಸಲಾರದು. ಒಂದು ಕೆಲಸವನ್ನು ಯಾರ ಅಪ್ಪಣೆಯೂ ಇಲ್ಲದೆ, ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದು. ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಬರೆಯಲು ಕೂತ ಇನ್‌ಚಾರ್ಜ್ ಸಿಸ್ಟರ್, ನೈಟ್ ಡ್ಯೂಟಿಯ ಸಾಲಿನಲ್ಲಿ ಹೊಸಬರ ಹೆಸರಿನ ಪಕ್ಕ ಹಳಬರೊಬ್ಬರ ಹೆಸರು ಬರೆಯಲಿ.